ವಾಲ್ವ್ ಕಾದ ಮೇಲೆ ಬರುವ ದನಿ

ತುಸು ಸರಿದು ನಿಲ್ಲಿ. ಮೈಕ್ ಸೆಟ್ಟಿನ ಪೆಟ್ಟಿಗೆ ಬಂಡಿಯಿಂದ ಇಳಿಯುತ್ತಿದೆ. ಹಿಡಿದ ಇಬ್ಬರೂ ಅದರ ಭಾರಕ್ಕೆ ಬಾಗಿದ್ದಾರೆ. ಇದು ಕಾಲಜ್ಞಾನ ಹೇಳಿದ ಕೊಡೇಕಲ್ ಬಸವಣ್ಣನ ಊರು. ವರ್ಷ 1970ರ ಆಸುಪಾಸು, ಗುಲ್ಬರ್ಗಾ ಜಿಲ್ಲೆ, ಸುರಪುರ ತಾಲ್ಲೂಕು. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯುವುದು 1982ರಲ್ಲಿ, ಹಾಗಾಗಿ ಕಾಲುವೆಯಿಲ್ಲ, ಭತ್ತದ ಗದ್ದೆಯಿಲ್ಲ. ಜೋಳದ ರಾಶಿ ಮುಗಿದಿದೆ. ಇಂದು ರಾತ್ರಿ ದೊಡ್ಡಾಟ, ಕರ್ಣನ ಕಥೆ.

ಆಟಕ್ಕೆ ಕಟ್ಟಿದ ಅಟ್ಟದ ಮಗ್ಗುಲಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಬೋರಲು ಹಾಕಿ, ಅದರ ಮೇಲೆ ಆಂಪ್ಲಿಫೈಯರ್ ಇಟ್ಟಿದ್ದಾರೆ. ಬೂದು ಬಣ್ಣದ ತಗಡಿನ ಡಬ್ಬಿ, ಮೇಲೆ ಗಾಳಿಯಾಡಲು ಸಾಲು ತೂತು, ಎದುರಿಗೆ ಕರಿ ಗುಂಡಿಗಳು. ಮೈಕಿಗೆ, ಗ್ರಾಮೋಫೋನಿಗೆ, ಟೋನಿಗೆ ಒಂದೊಂದು. ಕೆಳಗೆ ಲಾರಿಯ 12 ವೋಲ್ಟ್ ಬ್ಯಾಟರಿ. ಆ ಕಡೆ ಬೇವಿನ ಮರಕ್ಕೆ ಒಬ್ಬ ಹುಡುಗ ಹಾರ್ನ್ ಹೆಗಲಿಗೇರಿಸಿಕೊಂಡು ಹತ್ತುತ್ತಿದ್ದಾನೆ. ಇನ್ನೊಂದು ಹಾರ್ನನ್ನು ಬಿದಿರ ಗಳಕ್ಕೆ ಕಟ್ಟಿ, ಹೊಲದ ಕಡೆ ಮುಖ ಮಾಡಿ ಎತ್ತಿದ್ದಾರೆ. ಹೆಂಗಸರು ಆಗಲೇ ಮಾಳಿಗೆ ಹತ್ತಿ ಕೌದಿ ಹಾಸಿಕೊಂಡು ಕೂತಿದ್ದಾರೆ.

ಮೈಕಿನವ ಸ್ವಿಚ್ ಒತ್ತಿದ. ಏನೂ ಇಲ್ಲ. ಡಬ್ಬಿಯೊಳಗೆ ದುಂಬಿ ಸಿಕ್ಕಿದ ಹಾಗೆ ಒಂದು ಝೇಂಕಾರವಷ್ಟೇ. ಅದು ವೈಬ್ರೇಟರ್. ಬ್ಯಾಟರಿಯ ಕರೆಂಟನ್ನು ಕ್ಷಣಕ್ಕೆ ಹತ್ತಾರು ಬಾರಿ ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಟ್ರಾನ್ಸ್‌ಫಾರ್ಮರ್ ಆ 12 ವೋಲ್ಟನ್ನು ನೂರಾರು ವೋಲ್ಟಿಗೆ ಏರಿಸುತ್ತದೆ.

‘ಸುಟ್ಟು ಹೋತೇನಣ್ಣಾ?’ ಎಂದು ಪಕ್ಕದ ಹುಡುಗ ಕೇಳುತ್ತಾನೆ.

‘ಇಲ್ಲಪಾ ತಮ್ಮಾ, ತಡಿ. ವಾಲು ಕಾಯ್ಬೇಕು.’

ಬಗ್ಗಿ ತೂತುಗಳೊಳಗೆ ನೋಡಿ. ವಾಲ್ವೆಂಬ ಗಾಜಿನ ಬುರುಡೆಗಳಲ್ಲಿ ಎಳೆಗಳು ಮಸುಕು ಕೆಂಪಾಗುತ್ತಿವೆ. ಎಳೆ ಕಾದರೆ ಅದರ ಸುತ್ತಲಿನ ಲೋಹದ ಕೊಳವೆಯಿಂದ ಎಲೆಕ್ಟ್ರಾನುಗಳು ಹೊರಟು, ಗಾಳಿ ತೆಗೆದ ಆ ಬುರುಡೆಯೊಳಗೆ ತಗಡಿನ ಕಡೆಗೆ ಹಾರುತ್ತವೆ. ನಡುವೆ ಒಂದು ಸಣ್ಣ ತಂತಿಯ ಜಾಲರಿ. ಮೈಕಿನಿಂದ ಬಂದ ಬಡ ದನಿ ಆ ಜಾಲರಿಯ ವೋಲ್ಟೇಜನ್ನು ಅಷ್ಟಿಷ್ಟು ಏರಿಳಿಸಿದರೆ ಸಾಕು, ಎಲೆಕ್ಟ್ರಾನುಗಳ ಆ ದೊಡ್ಡ ಹರಿವು ಅದೇ ಕುಣಿತ ಕುಣಿಯುತ್ತದೆ. ಹಿಂದಿನ ಸಾಲಿನ ಎರಡು ದಪ್ಪ ವಾಲ್ವುಗಳು ಕಾದ ಮೇಲೆ ಬೆಚ್ಚಗಿನ ಧೂಳು, ವಾರ್ನಿಷ್ ಬೆರೆತ ವಾಸನೆ ಏಳುತ್ತದೆ. ಆ ವಾಸನೆ ಬಂತೆಂದರೆ ದನಿ ಬಂತು.

ಹಾರ್ನಿನಲ್ಲಿ ಮೊದಲು ಗರಗರ. ಆಮೇಲೆ ಒಂದು ಸಿನಿಮಾ ಹಾಡು, ಗ್ರಾಮೋಫೋನ್ ತಟ್ಟೆಯಿಂದ. ಇದು ಇಲ್ಲಿ ಕೂತವರಿಗಾಗಿ ಹಾಕಿದ್ದಲ್ಲ. ಸುತ್ತಲ ಹಳ್ಳಿಗಳಿಗೆ, ಹೊಲದ ಗುಡಿಸಲಿಗೆ ಹೋಗುವ ಕರೆ. ಹಾರ್ನಿನ ಬಾಯಿಗೆ ದಪ್ಪ ದನಿ ಒಗ್ಗುವುದಿಲ್ಲ. ಮನುಷ್ಯನ ಮಾತು ಕೇಳಿಸುವ ನಡುವಿನ ದನಿಯನ್ನಷ್ಟೇ ಅದು ಮುಂದಕ್ಕೆ ನೂಕುತ್ತದೆ. ಅದಕ್ಕೇ ಅಷ್ಟು ದೂರ ಹೋಗುತ್ತದೆ. ಮದ್ದಳೆಯ ಎಡದ ಪೆಟ್ಟು ಮುಂದೆ ಕೂತವರ ಪಾಲು, ದೂರದವರಿಗೆ ಬಲದ ಪೆಟ್ಟು, ತಾಳ, ಹಾರ್ಮೋನಿಯಂ ಮತ್ತು ಕೂಗು.

ಗಣಪತಿ ಪೂಜೆ ಆಯಿತು. ಪಾತ್ರಗಳನ್ನು ಮಾತಾಡಿಸುವ ಸಾರಥಿ ಬಂದ. ಅಟ್ಟದ ನಡುವೆ ತೊಲೆಯಿಂದ ಇಳಿಬಿಟ್ಟದ್ದು ಒಂದೇ ಮೈಕು, ಎಲ್ಲ ಪಾತ್ರಕ್ಕೂ ಅದೇ. ಈಗ ಪರದೆಯ ಹಿಂದಿನಿಂದ ಕರ್ಣ ಆರ್ಭಟಿಸುತ್ತಾನೆ, ಪರದೆ ಸರಿಯುತ್ತದೆ, ಕಿರೀಟ, ಭುಜಕೀರ್ತಿ ಫಳಕ್ಕೆನ್ನುತ್ತವೆ. ಮೈಕಿಲ್ಲದೆ ಊರು ತುಂಬುವ ಗಂಟಲು ಈಗ ಮೈಕಿಗೇ ಹತ್ತಿ ನಿಂತು ಕೂಗುತ್ತದೆ. ವಾಲ್ವಿಗೆ ಅಷ್ಟು ಹೊರಲು ಆಗುವುದಿಲ್ಲ. ಅಲೆಯ ತುದಿ ತುಸು ತುಸುವೇ ದುಂಡಗಾಗಿ ಚಪ್ಪಟೆಯಾಗುತ್ತದೆ, ದನಿಗೆ ಒರಟು ಅಂಚು ಬರುತ್ತದೆ. ಕರ್ಣ ಇನ್ನೂ ದೊಡ್ಡವನಾದಂತೆ ಕೇಳುತ್ತಾನೆ. ಮೈಕಿನವನ ಬೆರಳು ಗುಂಡಿಯ ಮೇಲಿದೆ. ಕುಂಯ್ಯೆಂದು ಹಾರ್ನ್ ಕಿರುಚುವ ಅಂಚಿಗೆ ಬಂದಾಗ ಒಂದು ಕೂದಲೆಳೆ ಇಳಿಸುತ್ತಾನೆ, ಅದಕ್ಕಿಂತ ಕಡಿಮೆ ಮಾಡುವುದಿಲ್ಲ. ಆ ಒರಟು ಬೇಕೆಂದು ಅವನ ಕಿವಿಗೆ ಗೊತ್ತು. ನನ್ನ ಮಟ್ಟಿಗೆ ಅವನೂ ಹಿಮ್ಮೇಳದವನೇ.

ಇಂಥದೇ ಒರಟಿನಿಂದ ದೂರದ ಹತ್ತಿಯ ಸೀಮೆಯೊಂದರಲ್ಲಿ ಒಂದು ಸಂಗೀತವೇ ರೂಪ ತಳೆಯಿತು. 1951ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿಯಿಂದ ಐಕ್ ಟರ್ನರ್‌ನ ತಂಡ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್‌ನ ಸ್ಟುಡಿಯೋಗೆ ಹೊರಟಾಗ, ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್‌ನ ಆಂಪ್ಲಿಫೈಯರ್ ದಾರಿಯಲ್ಲಿ ಪೆಟ್ಟು ತಿಂದಿತ್ತು. ಸ್ಪೀಕರಿನ ಕಾಗದಕ್ಕೆ ಹಾನಿಯಾಗಿತ್ತು. ಒಳಗೆ ಕಾಗದ ತುರುಕಿ ನುಡಿಸಿದರು. ಆ ಬುರುಬುರು ದನಿ ಫಿಲಿಪ್ಸ್‌ಗೆ ಹಿಡಿಸಿತು, ಹಾಗೆಯೇ ಧ್ವನಿಮುದ್ರಿಸಿದ. ‘ರಾಕೆಟ್ 88’ ಎಂಬ ಆ ಹಾಡನ್ನು ಮೊದಲ ರಾಕ್ ಅಂಡ್ ರೋಲ್ ಹಾಡೆಂದು ಕರೆಯುವವರು ಬಹಳ. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಮಾಡಿದ ಆಂಪ್ಲಿಫೈಯರುಗಳು, 1960ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಂದ ವಾಕ್ಸ್ ಎಸಿ30, ಆಮೇಲಿನ ಮಾರ್ಷಲ್, ಎಲ್ಲದರ ಒಳಗೂ ಕೊಡೇಕಲ್ಲಿನ ಈ ಡಬ್ಬಿಯ ಬಳಗದ ವಾಲ್ವುಗಳೇ. ಅಲ್ಲಿನ ಕ್ಲಬ್ಬಿನಲ್ಲೂ ಕುಣಿಯುವವರ ಗದ್ದಲ ಮೀರಿಸಲು ಗುಂಡಿಯನ್ನು ತುದಿಗೆ ತಿರುಗಿಸಿದರು, ದನಿ ಒಡೆಯಿತು, ಜನಕ್ಕೆ ಅದೇ ಬೇಕಾಯಿತು.

ವಾಲ್ವಿನ ಗಾಜಿನ ಮೇಲಿನ ಅಚ್ಚು ಓದಿ. ಬಿಇಎಲ್ ಎಂದಿದೆ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವ್ ಮಾಡತೊಡಗಿತು. ವಾಕ್ಸ್‌ನಲ್ಲಿರುವ ಇಎಲ್84 ವಾಲ್ವನ್ನು ನಮ್ಮವರೂ ತಯಾರಿಸಿದರು. ಇಂದಿಗೂ ಗಿಟಾರಿನವರು ಆ ಹಳೆಯ ಬಿಇಎಲ್ ವಾಲ್ವುಗಳನ್ನು ಹುಡುಕಿ ಕೊಳ್ಳುತ್ತಾರೆ. ಕನ್ನಡ ನೆಲದಲ್ಲಿ ತಯಾರಾದ ವಾಲ್ವು ಕರ್ಣನ ಕೂಗನ್ನೂ ಹೊತ್ತಿತು, ಗಿಟಾರನ್ನೂ ಹೊತ್ತಿತು ಎನ್ನುವುದು ನನಗೆ ಬಹಳ ಹೆಮ್ಮೆಯ ಸಂಗತಿ.

ಬೆಳ್ಳಿ ಮೂಡುವ ಹೊತ್ತು. ಕರ್ಣನ ರಥ ಹೂತಿದೆ. ಬ್ಯಾಟರಿಯೂ ಸೋತಿದೆ. ವೋಲ್ಟೇಜು ಇಳಿದಂತೆ ವಾಲ್ವುಗಳು ಮಂಕಾಗಿ, ದನಿ ಸಣಕಲಾಗುತ್ತಿದೆ. ಮೈಕಿನವ ಇನ್ನೊಂದು ಬ್ಯಾಟರಿ ಎಳೆದು ಕ್ಲಿಪ್ ಬದಲಿಸುತ್ತಾನೆ. ಆ ನಡುವಿನ ಅರೆ ನಿಮಿಷ ಕರ್ಣ ಬರಿ ಗಂಟಲಲ್ಲೇ ಹಾಡುತ್ತಾನೆ. ವಾಲ್ವು ಮತ್ತೆ ಕಾದು ಹಾರ್ನ್ ಮರಳಿ ಬಂದಾಗ ಮಾಳಿಗೆಯ ಮೇಲೆ ನಿದ್ದೆ ಹೋಗಿದ್ದ ಮಕ್ಕಳು ಎದ್ದು ಕೂರುತ್ತವೆ.

ಆಮೇಲೆ ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದವು. ಹಗುರ, ಕಾಯುವ ಕೆಲಸವಿಲ್ಲ, ಬ್ಯಾಟರಿಯೂ ಹೆಚ್ಚು ತಾಳುತ್ತದೆ. ಮೈಕಿನವರು ಬದಲಿಸಿಕೊಂಡದ್ದರಲ್ಲಿ ತಪ್ಪೇನಿಲ್ಲ. ಸಂಕಟವಾಗುವುದು ಹಳೆಯ ಡಬ್ಬಿಗಳಿಗೆ ಒದಗಿದ ಗತಿಗೆ. ಟ್ರಾನ್ಸ್‌ಫಾರ್ಮರಿನ ತಾಮ್ರದ ಆಸೆಗೆ ಅವನ್ನು ಒಡೆದು ಗುಜರಿಗೆ ತೂಗಿ ಕೊಡುತ್ತಾರೆ. ವೇಷಗಳನ್ನು, ಹಾಡಿನ ಪ್ರತಿಗಳನ್ನು ಕಾಪಾಡಬೇಕೆನ್ನುವ ನಾವು, ಒಂದು ತಲೆಮಾರು ಆಟವನ್ನು ಕೇಳಿದ್ದೇ ಈ ಡಬ್ಬಿಯ ಮೂಲಕ ಎಂಬುದನ್ನು ಮರೆತಿದ್ದೇವೆ.

ಸುರಪುರ, ಶಹಾಪುರ, ಹುಣಸಗಿ ಕಡೆಯ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ, ಗುಡಿಯ ಕೋಣೆಯಲ್ಲಿ, ಮುಚ್ಚಿದ ಮೈಕಿನ ಅಂಗಡಿಯಲ್ಲಿ ಇಂಥ ಸೆಟ್ ಇದ್ದರೆ ಮಾರಬೇಡಿ. ಥಟ್ಟನೆ ಕರೆಂಟ್ ಕೊಡಲೂಬೇಡಿ. ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕಂಡೆನ್ಸರ್ ಒಣಗಿದ್ದರೆ ಸಿಡಿದು ಟ್ರಾನ್ಸ್‌ಫಾರ್ಮರ್ ಸುಡಬಹುದು. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟ್ ಉಳಿದಿರಬಹುದು, ಆದ್ದರಿಂದ ಒಳಗೆ ಕೈ ಹಾಕುವ ಮುನ್ನ ವಾಲ್ವ್ ರೇಡಿಯೋ ರಿಪೇರಿ ಬಲ್ಲ ಹಿರಿಯರನ್ನು ಕರೆಸಿ. ಅಂಥವರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.