ಅಕ್ಕನ ಹಾಡಿನ ಸಿಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ನಮ್ಮ ಈ ಭಾಗದ ಬಹಳಷ್ಟು ಮನೆಗಳ ಟ್ರಂಕಿನಲ್ಲಿ ಹಳೆಯ ಮದುವೆ ಸಿಡಿಗಳು ಇನ್ನೂ ಕುಳಿತಿವೆ. ಇಪ್ಪತ್ತು ವರ್ಷದ ಹಿಂದೆ ಲಗ್ನವೆಂದರೆ ವಿಡಿಯೋ ಶೂಟಿಂಗ್, ಆಮೇಲೆ ಎರಡೋ ಮೂರೋ ಸಿಡಿ. ನಮ್ಮ ಮನೆಯವುಗಳಲ್ಲಿ ಮೊದಲನೆಯದು ನನಗೆ ಬಹಳ ಬೇಕಾದದ್ದು. ಮಗಳಿಗೆ ಅರಿಷಿಣ ಹಚ್ಚುವಾಗ ಅಥಣಿಯ ನನ್ನ ಅಕ್ಕ ಹಾಡಿದ ಪದ ಅದರಲ್ಲಿದೆ. ಅಕ್ಕ ಈಗಿಲ್ಲ. ಅವಳ ಧ್ವನಿ ಬೇರೆಲ್ಲೂ ಉಳಿದಿಲ್ಲ.

ದೀಪಾವಳಿ ರಜೆಯಲ್ಲಿ ಮನೆಯ ಕಂಪ್ಯೂಟರಿಗೆ ದೊಡ್ಡದೊಂದು ಅಪ್‌ಡೇಟ್ ಬಂತು. ಮರುದಿನ ಈ ಸಿಡಿ ಹಾಕಿದರೆ ಟ್ರೇ ಒಳಗೆ ಹೋಯಿತು, ದೀಪ ಮಿಣುಕಿತು. ಪರದೆಯ ಮೇಲೆ ಏನೂ ಬರಲಿಲ್ಲ.

"ಅಜ್ಜಾ, ಸಿಡಿ ಕೆಟ್ಟೈತಿ," ಎಂದ ಏಳನೇ ಇಯತ್ತೆಯ ಮೊಮ್ಮಗ.

"ತಡೀಪಾ, ಮೊದಲ ಇನ್ನೊಂದು ಸಿಡಿ ಹಾಕಿ ನೋಡೂನು."

ಭಜನೆಯ ಸಿಡಿ ಹಾಕಿದೆವು. ಅದೂ ಓಡಲಿಲ್ಲ. ಎರಡು ಸಿಡಿ ಒಂದೇ ದಿನ ಕೆಡುವುದು ಅಪರೂಪ. ದೀಪ ಹತ್ತುತ್ತದೆ ಎಂದರೆ ಕರೆಂಟೂ ಇದೆ. ಹಾಗಾದರೆ ಸಿಡಿ ಡ್ರೈವಿನ ಮಾತು ಕಂಪ್ಯೂಟರಿಗೆ ತಿಳಿಯುತ್ತಿಲ್ಲ. ಇವೆರಡರ ನಡುವೆ 'ಡ್ರೈವರ್' ಎಂಬ ಸಣ್ಣ ತಂತ್ರಾಂಶ ಇರುತ್ತದೆ. ಕಾಗವಾಡದ ಕಡೆ ಕನ್ನಡ, ಮರಾಠಿ ಎರಡೂ ಬಲ್ಲವರು ನಡುವೆ ನಿಂತು ಮಾತು ದಾಟಿಸುತ್ತಾರಲ್ಲ, ಹಾಗೆ. ಅಪ್‌ಡೇಟ್ ಆದಾಗ ಕೆಲವೊಮ್ಮೆ ಈ ದುಭಾಷಿಗೆ ಗೊಂದಲವಾಗುತ್ತದೆ.

'ಡಿವೈಸ್ ಮ್ಯಾನೇಜರ್' ತೆರೆದರೆ ಡ್ರೈವಿನ ಹೆಸರಿನ ಪಕ್ಕ ಹಳದಿ ಗುರುತು ಕಂಡಿತು. ಪಟ್ಟಿಯಿಂದ ಆ ಹೆಸರನ್ನು ತೆಗೆಯಲು ಹೇಳಿದೆ. ಹುಡುಗ ಹಿಂಜರಿದ.

"ತಗದರ ಪೂರಾ ಹೋಗಿಬಿಟ್ಟರ?"

"ಹೆಸರಷ್ಟ ಹೋಗತೈತಿ. ಮತ್ತ ಚಾಲೂ ಮಾಡಿದರ ತಾನ ಗುರುತ ಹಿಡಿತೈತಿ."

ಹಾಗೇ ಆಯಿತು. ಭಜನೆ ಕೇಳಿಸಿತು. ಆದರೆ ಅಕ್ಕನ ಸಿಡಿ ಹಾಡಿನ ನಡುವೆಯೇ ನಿಂತಿತು. ಅಂದರೆ ತೊಂದರೆ ಒಂದಲ್ಲ, ಎರಡು.

ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂತು. ಅಗಲ 12 ಸೆಂ.ಮೀ., ದಪ್ಪ 1.2 ಮಿ.ಮೀ. ಅದರ ಮೇಲಿನ ಗುರುತುಗಳ ಸಾಲು ನಡುವಿನಿಂದ ಅಂಚಿನವರೆಗೆ ಸುರುಳಿಯಾಗಿ ಹೋಗುತ್ತದೆ. ಬಿಚ್ಚಿ ಹಾಸಿದರೆ 5 ಕಿ.ಮೀ.ಗೂ ಹೆಚ್ಚು ಉದ್ದ! ಲೇಸರ್ ಕಿರಣ ಆ ಸಾಲನ್ನು ಓದುತ್ತದೆ. 'ಚಿ_ಕೋಡಿ' ಎಂದು ಬರೆದಿದ್ದರೂ ನೀವು ಊರಿನ ಹೆಸರು ಓದುತ್ತೀರಿ, ಅಲ್ಲವೇ? ಸಿಡಿಯೂ ಸಣ್ಣ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಲೆಕ್ಕ ಅದಕ್ಕೆ ಆಧಾರ. ಆದರೆ ಸಾಲಿನ ಗುಂಟ ಅಕ್ಷರಗಳೆಲ್ಲ ಅಳಿಸಿದರೆ ಆ ಲೆಕ್ಕವೂ ಸೋಲುತ್ತದೆ. ಆದ್ದರಿಂದಲೇ ಸಿಡಿಯನ್ನು ದುಂಡಗೆ ತಿಕ್ಕಬಾರದು. ಮೆತ್ತನೆಯ ಅರಿವೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು.

ಮೊಮ್ಮಗ ಹಾಗೆಯೇ ಒರೆಸಿದ. ಸಿಡಿ ಓಡಿತು. ಅಕ್ಕ ಹಸಿರು ಇಳಕಲ್ ಸೀರೆಯಲ್ಲಿ ಕುಳಿತು ಪದ ಎತ್ತಿದಳು. ಎರಡು ಕಡೆ ಚಿತ್ರ ಒಡೆಯಿತು, ಧ್ವನಿ ನುಂಗಿತು. ಆ ಜಾಗದಲ್ಲಿ ಗೀರು ಆಳವಾಗಿತ್ತು.

ತಡಮಾಡದೆ ಕಂಪ್ಯೂಟರಿಗೊಂದು, ಪೆನ್‌ಡ್ರೈವಿಗೊಂದು ಪ್ರತಿ ಮಾಡಿದೆವು. ರಾಯಬಾಗದ ತಂಗಿಗೂ ಫೋನಿನಲ್ಲಿ ಕಳಿಸಿದೆವು. ಅವಳು ಸಂಜೆ ಫೋನ್ ಮಾಡಿದಳು: "ಅಣ್ಣಾ, ನಡುವ ಎರಡು ನುಡಿ ಹೋಗ್ಯಾವ. ನನಗ ಬರ್ತಾವ, ಬರಕೋ." ಅವಳು ಹೇಳಿದಳು, ಮೊಮ್ಮಗ ಬರೆದುಕೊಂಡ.

ಮಕ್ಕಳೇ, ಅಜ್ಜ-ಅಜ್ಜಿಯರ ಟ್ರಂಕಿನಲ್ಲಿ ಸಿಡಿ ಇದ್ದರೆ ಈ ಭಾನುವಾರ ಹೊರಗೆ ತೆಗೆಯಿರಿ. ಬಿಸಿಲಿಗೆ ಇಡಬೇಡಿ, ಬಾಲ್‌ಪೆನ್ನಿನಿಂದ ಮೇಲೆ ಬರೆಯಬೇಡಿ. ಓಡುವಾಗಲೇ ಪ್ರತಿ ಮಾಡಿಕೊಳ್ಳಿ. ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿಕೊಳ್ಳಿ. ಚಿತ್ರದಲ್ಲಿ ಯಾರ್‍ಯಾರಿದ್ದಾರೆ ಎಂಬುದು ಅವರಿಗೇ ಗೊತ್ತು.