ಬೀರುವಿನಲ್ಲಿಟ್ಟರೆ ಕೇಳಿಸೀತೇ?

ಕಿವಿಗೆ ಹಾಕುವ ಯಂತ್ರ ತಯಾರಿಸುವ ಕಂಪೆನಿಯಲ್ಲಿ ಕೆಲಸ ಎಂದರೆ ಸಾಕು, ಹತ್ತರಲ್ಲಿ ಐದಾರು ಮಂದಿ ಹೇಳುವುದು ಒಂದೇ ಮಾತು: “ನಮ್ಮತ್ತೆಗೂ ಒಂದು ತಂದಿದ್ವಿ ಕಣ್ರೀ, ಬೀರುವಿನಲ್ಲಿದೆ!” ಸೋದರಿಯರೇ, ಇಷ್ಟು ಹೊಟ್ಟೆ ಉರಿಸುವ ಮಾತು ನಮಗೆ ಇನ್ನೊಂದಿಲ್ಲ. ಯಾಕೆ ಅಂತೀರಾ?

ನಾನಿರುವುದು ಬೆಂಗಳೂರಿನಲ್ಲಿ, ಅಚ್ಚು ಮಾಡುವ ವಿಭಾಗದಲ್ಲಿ. ಕಿವಿಯೊಳಗೆ ಕೂರುವ ಅಚ್ಚು ರವಿಕೆ ಇದ್ದ ಹಾಗೆ. ಒಬ್ಬರದು ಇನ್ನೊಬ್ಬರಿಗೆ ಆಗದು. ಒಬ್ಬರದೇ ಎಡಕಿವಿಯದು ಬಲಕ್ಕೂ ಆಗದು! ಕಿವಿಯೊಳಗೆ ಮೊದಲು ದಾರ ಕಟ್ಟಿದ ಪುಟ್ಟ ಸ್ಪಂಜು ಇಟ್ಟು, ಹಿಟ್ಟಿನ ಹಾಗೆ ನಾದಿದ ಸಿಲಿಕೋನ್ ತುಂಬುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತದೆ. ಆ ಪಡಿಯಚ್ಚು ನಮ್ಮ ಮೇಜಿಗೆ ಬರುತ್ತದೆ. ಈಗ ಕಂಪ್ಯೂಟರಿನಲ್ಲಿ ಅದರ ಆಕಾರ ತಿದ್ದಿ ಅಚ್ಚು ತೆಗೆಯುತ್ತಾರಾದರೂ, ಕೊನೆಗೆ ಅಂಚನ್ನು ಉಜ್ಜಿ ನಯ ಮಾಡುವುದು ಕೈಯೇ. ಕೂದಲೆಳೆಯಷ್ಟು ಸಡಿಲವಾದರೂ ದನಿ ಹೊರಗೆ ಸೋರಿ, ಮೈಕಿಗೆ ಮರಳಿ, ‘ಕುಯ್ಯ್’ ಎಂದು ಸೀಟಿ ಹೊಡೆಯುತ್ತದೆ. ಮಕ್ಕಳ ಕಿವಿ ಬೆಳೆಯುವುದರಿಂದ ಅವರಿಗೆ ಆಗಾಗ ಹೊಸ ಅಚ್ಚು ಬೇಕು.

ರಿಪೇರಿಗೆಂದು ಬಂದವನ್ನು ನೋಡಿದರೆ ಎಷ್ಟೋ ಸಲ ಯಂತ್ರ ಕೆಟ್ಟಿರುವುದೇ ಇಲ್ಲ. ನಳಿಕೆಯಲ್ಲಿ ಗುಗ್ಗೆ, ಇಲ್ಲವೇ ಬೆವರು, ತಲೆಗೆ ಹಚ್ಚಿದ ಎಣ್ಣೆ. ದಿನಾ ಒಣಬಟ್ಟೆಯಲ್ಲಿ ಒರೆಸಿ. ಸ್ನಾನಕ್ಕೆ ಮುಂಚೆ ತೆಗೆದಿಡಿ. ಸೆಲ್ ಹಾಕುವ ಯಂತ್ರವಾದರೆ ರಾತ್ರಿ ಅದರ ಬಾಗಿಲು ತೆರೆದು, ತೇವ ಹೀರುವ ಹರಳಿನ ಡಬ್ಬಿಯಲ್ಲಿಡಿ. ಹಪ್ಪಳದ ಡಬ್ಬಿಯಷ್ಟೇ ಒಣಗಿರಬೇಕು ಅದು! ಹೊಸ ಸೆಲ್ಲಿನ ಅಂಟುಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಿ. ಗಾಳಿ ಕುಡಿದರೇನೇ ಅದಕ್ಕೆ ಜೀವ. ಮಗು ಸೆಲ್ ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಓಡಿ.

“ಹಾಕಿದರೆ ತಲೆ ಸಿಡಿಯುತ್ತೆ ಅಂತಾರಲ್ಲ?” ಎನ್ನುವಿರಿ. ನಿಜ. ವರ್ಷಗಟ್ಟಲೆ ನಿಶ್ಶಬ್ದದಲ್ಲಿದ್ದವರಿಗೆ ಕುಕ್ಕರಿನ ಕೂಗು, ಪಾತ್ರೆಯ ಸದ್ದು, ಫ್ಯಾನಿನ ಗಾಳಿ ಎಲ್ಲವೂ ಒಮ್ಮೆಲೇ ನುಗ್ಗಿದರೆ ಹೇಗಾಗಬೇಡ? ಮಿದುಳಿಗೆ ಅಭ್ಯಾಸವಾಗಲು ವಾರಗಳೇ ಬೇಕು. ಮೊದಮೊದಲು ಸದ್ದಿಲ್ಲದ ಕೋಣೆಯಲ್ಲಿ ಒಬ್ಬರೊಡನೆ ಒಂದೆರಡು ಗಂಟೆ ಸಾಕು. ಆಮೇಲೂ ಕಿರಿಕಿರಿಯಾದರೆ ಶ್ರವಣತಜ್ಞರು ದನಿಯನ್ನು ಹೊಂದಿಸಿಕೊಡುತ್ತಾರೆ. ಇದನ್ನು ತಿಳಿಯದೆ ಮೊದಲ ವಾರವೇ ಬೀರುವಿಗೆ ಸೇರಿಸಿಬಿಡುತ್ತಾರೆ.

ಡೆನ್ಮಾರ್ಕಿನಲ್ಲಿ ಹ್ಯಾನ್ಸ್ ಡಿಮಾಂಟ್ ಎಂಬಾತ 1904ರಲ್ಲಿ ಶ್ರವಣಯಂತ್ರದ ವ್ಯಾಪಾರ ಶುರು ಮಾಡಿದ್ದು ಕಿವಿ ಮಂದವಾಗಿದ್ದ ತನ್ನ ಹೆಂಡತಿಗಾಗಿ. ನಮ್ಮಲ್ಲೋ? ಮನೆಯವರಿಗೆಲ್ಲ ಕನ್ನಡಕ ಬಂದರೂ ಗೃಹಿಣಿಯ ಕಿವಿಯ ಸರದಿ ಬರುವುದೇ ಇಲ್ಲ. ಮಗಳಿಗಾದರೆ, “ಕೂದಲ ಬಣ್ಣದ್ದೇ ಕೊಡಿ, ಯಾರಿಗೂ ಕಾಣಬಾರದು” ಎನ್ನುತ್ತೇವೆ. ಕನ್ನಡಕಕ್ಕಿಲ್ಲದ ನಾಚಿಕೆ ಇದಕ್ಕೇಕೆ ಹೇಳಿ?

ಕೂಸು ಸದ್ದಿಗೆ ಬೆಚ್ಚುತ್ತಿಲ್ಲವೇ? “ನಿಧಾನವಾಗಿ ಮಾತು ಬರುತ್ತೆ ಬಿಡಿ” ಎನ್ನುವವರನ್ನು ನಂಬಿ ಕೂರಬೇಡಿ. ತಿಂಗಳೊಳಗೆ ತಪಾಸಣೆ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು ಎನ್ನುತ್ತಾರೆ ತಜ್ಞರು. ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಜಿಲ್ಲಾಸ್ಪತ್ರೆಯಲ್ಲೂ ವಿಚಾರಿಸಿ.

ಇನ್ನೊಂದು ಮಾತು. ಯಂತ್ರ ಹಾಕಿದವರನ್ನು ಅಡಿಗೆಮನೆಯಿಂದಲೇ ಕೂಗಬೇಡಿ. ಹತ್ತಿರ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಮಾತಾಡಿ. ಅದೊಂದನ್ನು ನಮ್ಮ ಕಂಪೆನಿ ಮಾಡಿಕೊಡಲಾರದು, ನೀವೇ ಮಾಡಬೇಕು.