ರಾಯಚೂರಿನ ತಮ್ಮನಿಗೆ, ಸರ್ವರ್ ವಿಷಯವಾಗಿ

ಪ್ರೀತಿಯ ಪುಟ್ಟಾ,

ಅಪ್ಪನ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು, ಬಂದವರಿಗೆಲ್ಲ ನಿನ್ನ ಕಾಲೇಜಿಗೆ ದೊಡ್ಡ ಕಂಪ್ಯೂಟರ್ ಬಂದ ಸುದ್ದಿ ಹೇಳುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಸ್ಪತ್ರೆಯ ಗಲಾಟೆಯಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಮನೆಯವರೆಲ್ಲ ಮಲಗಿದ್ದಾರೆ, ನಿಧಾನವಾಗಿ ಬರೆಯುತ್ತೇನೆ.

ನಾಲ್ಕೂವರೆ ಬಸ್ಸಿಗೆ ಓಡುವ ಹುಡುಗಿಯರ ವಿಷಯ ಹೇಳಿದೆಯಲ್ಲ, ಅದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅವರಿಗೆ ಬಿಡುವಾಗುವ ಹೊತ್ತಿಗೆ ಲ್ಯಾಬಿಗೆ ಬೀಗ ಬಿದ್ದಿರುತ್ತದೆ. ಮನೆಯಲ್ಲಿ ಅಣ್ಣ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೇ ಭಾಗ್ಯ. ಆ ಒಂದು ಸರ್ವರಿನೊಳಗೆ ಒಬ್ಬೊಬ್ಬರಿಗೂ ಒಂದೊಂದು ವರ್ಚುವಲ್ ಮೆಷಿನ್ ಮಾಡಿಕೊಟ್ಟು, ರಾತ್ರಿ ಊಟವಾದ ಮೇಲೆ ಅವರು ಮನೆಯಿಂದಲೇ ಅದರೊಳಗೆ ಕೂತು ಕಲಿಯುವಂತೆ ಮಾಡಬೇಕು ಅನ್ನುವ ನಿನ್ನ ಆಸೆ ಬಹಳ ಒಳ್ಳೆಯದು. ಯಾವ ಸಾಫ್ಟ್‌ವೇರ್ ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವಾಗ ಆ ಹುಡುಗಿಯರು ಕಣ್ಣ ಮುಂದೆ ಇರಲಿ.

ಇನ್ನೂ ಒಂದು ಮಾತು. ನೀನು ಸರ್ಕಾರಿ ನೌಕರ. ಇವತ್ತು ರಾಯಚೂರು, ನಾಳೆ ವರ್ಗವಾಗಿ ಕಾರವಾರ. ನೀನು ಹೋದ ಮೇಲೆ ಆ ಸರ್ವರನ್ನು ಯಾರು ನೋಡಿಕೊಳ್ಳುತ್ತಾರೆ? ಇಷ್ಟು ವರ್ಷ ಈ ಕೆಲಸ ಮಾಡಿದ ನಾನು ಮೊದಲು ಕೇಳುವುದೇ ಇದನ್ನು. ಯಾವುದು ವೇಗ, ಯಾವುದರಲ್ಲಿ ಸೌಲಭ್ಯ ಹೆಚ್ಚು ಅನ್ನುವುದೆಲ್ಲ ಆಮೇಲೆ.

ಬಿ.ಇ. ಓದುವಾಗ ನನ್ನ ಲ್ಯಾಪ್‌ಟಾಪಿಗೆ ವರ್ಚುವಲ್‌ಬಾಕ್ಸ್ ಹಾಕಿಕೊಂಡು, ಅದರೊಳಗೆ ಉಬುಂಟು ಎದ್ದು ಬಂದಾಗ ನೀನು ಅಮ್ಮನನ್ನು ಅಡುಗೆಮನೆಯಿಂದ ಎಳೆದುಕೊಂಡು ಬಂದು ತೋರಿಸಿದ್ದು ನೆನಪಿದೆ. ಕಲಿಯಲು ಅದು ಈಗಲೂ ಒಳ್ಳೆಯದೇ. ಆದರೆ ಅದು ಇನ್ನೊಂದು ಆಪರೇಟಿಂಗ್ ಸಿಸ್ಟಂ ಮೇಲೆ ಕೂತು ನಡೆಯುವಂಥದ್ದು. ಹಗಲು ರಾತ್ರಿ ಇಪ್ಪತ್ತು ಮೂವತ್ತು ಮೆಷಿನ್ ಓಡಿಸುವ ಸರ್ವರಿಗೆ ಅದು ಬೇಡ.

ವಿಎಂವೇರ್ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರ ಇಎಸ್ಎಕ್ಸ್ಐ ಗಟ್ಟಿ ಸಾಫ್ಟ್‌ವೇರ್, ಅದರಲ್ಲಿ ಎರಡು ಮಾತಿಲ್ಲ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು. ಒಮ್ಮೆ ಕೊಂಡರೆ ಸದಾ ನಮ್ಮದಾಗುವ ಲೈಸೆನ್ಸ್ ಡಿಸೆಂಬರಿನಲ್ಲಿ ನಿಂತಿತು. 2024ರ ಫೆಬ್ರವರಿಯಲ್ಲಿ ಉಚಿತ ಇಎಸ್ಎಕ್ಸ್ಐ ಕೂಡ ನಿಂತು, 2025ರ ಏಪ್ರಿಲಿನಲ್ಲಿ ಮತ್ತೆ ಬಂತು. ಮುಂದೆ ಏನಾಗುತ್ತದೋ ಅಂತ ಪ್ರತಿ ವರ್ಷ ಎದುರು ನೋಡಿಕೊಂಡು ಕೂರಲು ನಿಮ್ಮ ಕಾಲೇಜಿನ ಬಜೆಟ್ಟಿಗೆ ಆಗುವುದಿಲ್ಲ. ವಿಂಡೋಸ್ ಸರ್ವರ್ ಲೈಸೆನ್ಸ್ ಈಗಾಗಲೇ ಇದ್ದರೆ ಹೈಪರ್-ವಿ ಯೋಚಿಸಬಹುದು. ಹೈಪರ್-ವಿ ಮಾತ್ರ ಇರುವ ಉಚಿತ ಸರ್ವರ್ 2019ರ ಆವೃತ್ತಿಯೊಂದಿಗೇ ಕೊನೆಯಾಯಿತು.

ನನ್ನ ಮನಸ್ಸು ಇರುವುದು ಕೆವಿಎಂ ಮೇಲೆ. ಅದು 2007ರಲ್ಲಿ ಲಿನಕ್ಸ್ ಕರ್ನಲ್ಲಿನೊಳಗೇ ಸೇರಿದ್ದು, ಇನ್ನು ಯಾರೂ ಅದನ್ನು ಕಿತ್ತುಕೊಳ್ಳಲಾರರು. ಅದನ್ನು ಬ್ರೌಸರಿನಿಂದಲೇ ನಡೆಸುವಂತೆ ಮಾಡಿಕೊಟ್ಟಿರುವುದು ಪ್ರಾಕ್ಸ್‌ಮಾಕ್ಸ್, ಆಸ್ಟ್ರಿಯಾದ ವಿಯೆನ್ನಾದವರದು, 2008ರಿಂದ ಇದೆ. ಒಳಗಿರುವುದು ಡೆಬಿಯನ್. ಹಾಗಾಗಿ ಲಿನಕ್ಸ್ ಬಲ್ಲ ಯಾರೇ ಬಂದರೂ ನಿನ್ನ ಜಾಗದಲ್ಲಿ ಕೂತು ನಿಭಾಯಿಸುತ್ತಾರೆ. ನಾಳೆ ಪ್ರಾಕ್ಸ್‌ಮಾಕ್ಸೇ ಬೇಡವಾದರೂ ಮೆಷಿನ್ನುಗಳ ಡಿಸ್ಕನ್ನು ಎತ್ತಿಕೊಂಡು ಬೇರೆ ಲಿನಕ್ಸಿಗೆ ಹೋಗಬಹುದು. ಲಾಗಿನ್ ಆದಾಗಲೆಲ್ಲ ಸಬ್‌ಸ್ಕ್ರಿಪ್ಷನ್ ಇಲ್ಲ ಅನ್ನುವ ಸಂದೇಶ ಬರುತ್ತದೆ, ಸರಿ ಅಂತ ಒತ್ತಿ ಮುಂದೆ ಹೋಗು.

ವಿಂಡೋಸ್ ಮೆಷಿನ್ ಮಾಡುವಾಗ ಒಂದು ಕಡೆ ಎದೆ ಧಸಕ್ಕೆನ್ನುತ್ತದೆ, ಈಗಲೇ ಹೇಳಿಬಿಡುತ್ತೇನೆ. ಡಿಸ್ಕಿಗೆ ವರ್ಟಿಯೋ ಆರಿಸಿದ್ದರೆ, ಇನ್‌ಸ್ಟಾಲ್ ಶುರುವಾಗಿ, ಎಲ್ಲಿ ಹಾಕಲಿ ಎಂದು ಕೇಳುವ ಪರದೆಯಲ್ಲಿ ಡಿಸ್ಕ್ ಪಟ್ಟಿ ಖಾಲಿ ಇರುತ್ತದೆ. ಡಿಸ್ಕ್ ಹಾಳಾಗಿರುವುದಿಲ್ಲ ಪುಟ್ಟಾ. ವರ್ಟಿಯೋ ಡ್ರೈವರ್ ವಿಂಡೋಸಿಗೆ ಗೊತ್ತಿಲ್ಲ, ಅಷ್ಟೇ. ಅದರ ಐಎಸ್ಒ ಫೈಲನ್ನು ಎರಡನೇ ಸಿಡಿಯಾಗಿ ಸೇರಿಸಿ ಲೋಡ್ ಡ್ರೈವರ್ ಒತ್ತಿದರೆ ಡಿಸ್ಕ್ ಕಾಣಿಸುತ್ತದೆ. ಹಾಗೆಯೇ, ಪ್ರಾಕ್ಸ್‌ಮಾಕ್ಸ್ ಉಚಿತವೆಂದು ಒಳಗಿನ ವಿಂಡೋಸ್ ಉಚಿತವಾಗುವುದಿಲ್ಲ. ಸರ್ವರಿನಲ್ಲಿಟ್ಟು ದೂರದಿಂದ ಬಳಸುವ ವಿಂಡೋಸಿಗೆ ಲೈಸೆನ್ಸಿನ ಲೆಕ್ಕವೇ ಬೇರೆ. ಮಕ್ಕಳ ಪಾಠಕ್ಕೆ ಲಿನಕ್ಸ್ ಸಾಕಾಗುವ ಕಡೆಯೆಲ್ಲ ಲಿನಕ್ಸೇ ಇರಲಿ.

128 ಜಿಬಿ ರ‍್ಯಾಮ್ ಅಂದೆ. ಪ್ರೊಸೆಸರನ್ನು ಹಂಚಿಕೊಂಡು ಬಳಸಬಹುದು, ರ‍್ಯಾಮ್ ಹಾಗೆ ಹಿಗ್ಗುವುದಿಲ್ಲ. ಡೆಸ್ಕ್‌ಟಾಪ್ ಇರುವ ಲಿನಕ್ಸಿಗೆ ತಲಾ 4 ಜಿಬಿಯಂತೆ 24 ಮೆಷಿನ್ನಿಗೆ 96 ಆಯಿತು. ಉಳಿದದ್ದನ್ನು ಸರ್ವರಿಗೇ ಬಿಡು, ಡಿಸ್ಕುಗಳಿಗೆ ಝಡ್ಎಫ್ಎಸ್ ಫೈಲ್ ಸಿಸ್ಟಂ ಹಾಕಿದರೆ ಅದಕ್ಕೂ ರ‍್ಯಾಮ್ ಬೇಕು. ಒಂದು ಮೆಷಿನ್ನನ್ನು ಚೆನ್ನಾಗಿ ಸಿದ್ಧಮಾಡಿ, ಮೊಸರಿನ ಹೆಪ್ಪು ತೆಗೆದಿಡುವ ಹಾಗೆ ಟೆಂಪ್ಲೇಟ್ ಮಾಡಿಟ್ಟುಕೊ. ಅದರಿಂದ ಲಿಂಕ್ಡ್ ಕ್ಲೋನ್ ಮಾಡಿದರೆ ಪ್ರತಿ ವಿದ್ಯಾರ್ಥಿನಿ ಬದಲಾಯಿಸಿದಷ್ಟು ಮಾತ್ರ ಡಿಸ್ಕಿನಲ್ಲಿ ಜಾಗ ಹಿಡಿಯುತ್ತದೆ. ಡಿಸ್ಕ್ ಮಾತ್ರ ಎಸ್ಎಸ್‌ಡಿಯೇ ಆಗಬೇಕು. ತಿರುಗುವ ಹಾರ್ಡ್‌ಡಿಸ್ಕಿನ ಮೇಲೆ ಇಡೀ ತರಗತಿ ಒಟ್ಟಿಗೆ ಮೆಷಿನ್ ಆನ್ ಮಾಡಿದರೆ ಅರ್ಧ ಪೀರಿಯಡ್ಡು ಕಾಯುವುದರಲ್ಲೇ ಹೋಗುತ್ತದೆ.

ಇನ್ನು ನನಗೆ ನಿಜವಾಗಿ ಚಿಂತೆ ಇರುವುದು ಹೊರಗಿನಿಂದ ಬರುವ ದಾರಿಯದು. ಪ್ರಾಕ್ಸ್‌ಮಾಕ್ಸಿನ 8006, ರಿಮೋಟ್ ಡೆಸ್ಕ್‌ಟಾಪಿನ 3389, ಈ ಎರಡು ಪೋರ್ಟುಗಳನ್ನು ಯಾವ ಕಾರಣಕ್ಕೂ ಇಂಟರ್ನೆಟ್ಟಿಗೆ ನೇರ ತೆರೆಯಬೇಡ. ಯಾರು ಎಷ್ಟು ಅವಸರ ಮಾಡಿದರೂ ಬೇಡ. ತೆರೆದ ಬಾಗಿಲನ್ನು ಹುಡುಕುವ ಪ್ರೋಗ್ರಾಮುಗಳು ಇಡೀ ದಿನ ತಡಕಾಡುತ್ತಲೇ ಇರುತ್ತವೆ. ನೀನು ಆಡಳಿತಕ್ಕೆ ವೈರ್‌ಗಾರ್ಡ್ ವಿಪಿಎನ್ ಮೂಲಕ ಬಾ. ಮಕ್ಕಳಿಗೆ ಅಪಾಚೆ ಗ್ವಾಕಮೋಲೆ ಹಾಕಿ, ಮುಂದೆ ಎಚ್‌ಟಿಟಿಪಿಎಸ್ ಇಟ್ಟು, ಪಾಸ್‌ವರ್ಡಿನ ಜೊತೆ ಒಟಿಪಿ ಕೇಳುವಂತೆ ಮಾಡು. ಅವರ ಕಡೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನ ಬ್ರೌಸರ್ ಸಾಕು. ನಿಮ್ಮ ಬ್ರಾಡ್‌ಬ್ಯಾಂಡಿನವರ ಹತ್ತಿರ ಸ್ಟ್ಯಾಟಿಕ್ ಐಪಿಗೆ ಈಗಲೇ ಅರ್ಜಿ ಕೊಡು. ಅದಿಲ್ಲದೆ ಹೊರಗಿನಿಂದ ಒಳಬರುವುದು ತಲೆನೋವು.

ಸ್ನ್ಯಾಪ್‌ಶಾಟ್ ಇದೆಯಲ್ಲ ಅಂತ ಬ್ಯಾಕಪ್ ಬಿಡಬೇಡ. ಡಿಸ್ಕ್ ಹೋದರೆ ಸ್ನ್ಯಾಪ್‌ಶಾಟೂ ಅದರ ಜೊತೆಗೇ ಹೋಗುತ್ತದೆ. ಮೂಲೆಯಲ್ಲಿ ಬಿದ್ದಿರುವ ಒಂದು ಡೆಸ್ಕ್‌ಟಾಪಿಗೆ ದೊಡ್ಡ ಡಿಸ್ಕ್ ಹಾಕಿ, ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಮಾಡಿ ಬೇರೆ ಕೋಣೆಯಲ್ಲಿಡು. ಆಗಾಗ ಒಂದು ಮೆಷಿನ್ನನ್ನು ಅದರಿಂದ ವಾಪಸ್ ತಂದು ಎದ್ದು ನಿಲ್ಲುತ್ತದಾ ನೋಡು. ಕರೆಂಟು ಹೋಗಿ ಯುಪಿಎಸ್ ಇಳಿಯುತ್ತಾ ಬಂದಾಗ ಸರ್ವರ್ ತಾನಾಗಿ ಮೆಷಿನ್ನುಗಳನ್ನು ಮುಚ್ಚಿ ಮಲಗುವಂತೆ ನಟ್ ಅನ್ನುವ ಸಾಫ್ಟ್‌ವೇರ್ ಹಾಕು. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಆ ಕೋಣೆಗೆ ಎಸಿ ಇಲ್ಲದೆ ನಡೆಯದು, ಪ್ರಿನ್ಸಿಪಾಲರಿಗೆ ಬರೆದು ಕೊಡು.

ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡು. ಲ್ಯಾಬ್ ಸಹಾಯಕರನ್ನು ಮೊದಲ ದಿನದಿಂದಲೂ ಪಕ್ಕದಲ್ಲಿ ಕೂರಿಸಿಕೊ, ಮೌಸ್ ಅವರ ಕೈಯಲ್ಲೇ ಇರಲಿ. ಮತ್ತೆ, ಮೆಸ್ಸಿನ ಊಟ ತಪ್ಪಿಸಿ ರಾತ್ರಿಯೆಲ್ಲ ಅದರ ಮುಂದೆ ಕೂರಬೇಡ, ನಿನ್ನ ಹೊಟ್ಟೆನೋವು ಅಮ್ಮನಿಗೆ ಗೊತ್ತಾಗಿದೆ.

ಏನನ್ನೂ ಹಾಕುವ ಮೊದಲು ಬಯಾಸಿನಲ್ಲಿ ವರ್ಚುವಲೈಸೇಷನ್ ಆನ್ ಇದೆಯಾ ನೋಡಿ, ರೇಡ್ ಕಾರ್ಡಿನ ಮಾಡೆಲ್ ಫೋಟೋ ಕಳಿಸು. ಝಡ್ಎಫ್ಎಸ್‌ಗೆ ಆ ಕಾರ್ಡು ಡಿಸ್ಕುಗಳನ್ನು ನೇರವಾಗಿ ತೋರಿಸಬೇಕು. ಅದನ್ನು ನೋಡಿ ಮುಂದಿನದು ಹೇಳುತ್ತೇನೆ. ಗೌರಿ ಹಬ್ಬಕ್ಕೆ ರಜೆ ಹಾಕಿದೆಯಾ ಅಂತ ಅಪ್ಪ ಕೇಳುತ್ತಿದ್ದಾರೆ, ಫೋಟೋ ಜೊತೆಗೆ ಅದನ್ನೂ ತಿಳಿಸು.

ನಿನ್ನ
ಅಕ್ಕ